ನಮ್ಮ ತಾಟಿನಲ್ಲಿರುವ ಪಿಷ್ಟ, ಜಿಡ್ಡು ಮತ್ತು ಜೀವಸತ್ವ

"ಸಿಸ್ಟರ್, ಅನ್ನ ಬಿಟ್ಟು ಆರು ತಿಂಗಳಾತ್ರೀ. ಬರೇ ಜ್ವಾಳದ ರೊಟ್ಟಿ ಉಣ್ತೀನಿ. ಆದ್ರೂ ಶುಗರ್ ಯಾಕ ಇಳೀವಲ್ದು?" ಸಕ್ಕರೆ ಕಾಯಿಲೆಯವರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಎರಡನೆಯದು, "ಯಾವ ಎಣ್ಣಿ ಛಲೋರೀ?" ಮೂರನೆಯದು ಪ್ರಶ್ನೆಯಲ್ಲ, ಬೇಡಿಕೆ: "ಡಾಕ್ಟರಿಗೆ ಹೇಳಿ ಒಂದು ಶಕ್ತಿ ಇಂಜೆಕ್ಷನ್ ಬರಸ್ರೀ." ಈ ಮೂರಕ್ಕೂ ಉತ್ತರ ನಾವು ದಿನಾಲು ಉಣ್ಣುವ ತಾಟಿನಲ್ಲಿಯೇ ಇದೆ. ಸರದಿಯಲ್ಲಿ ಕುಳಿತಿರುವ ಹೊತ್ತಿನಲ್ಲಿ ಇದನ್ನು ಓದಿರಿ. ಓದು ಬಾರದ ಹಿರಿಯರು ಪಕ್ಕದಲ್ಲಿದ್ದರೆ ಅವರಿಗೂ ಓದಿ ಹೇಳಿರಿ.

ನಾವು ಉಣ್ಣುವ ಆಹಾರದಲ್ಲಿ ದೇಹಕ್ಕೆ ಉರುವಲಾಗುವ ವಸ್ತುಗಳು ಮುಖ್ಯವಾಗಿ ಮೂರು. ಅಕ್ಕಿ, ಜೋಳ, ಗೋಧಿ, ಬೆಲ್ಲ, ಸಕ್ಕರೆಗಳಲ್ಲಿರುವುದು ಪಿಷ್ಟ ಮತ್ತು ಶರ್ಕರ. ಇದನ್ನೇ ಕಾರ್ಬೋಹೈಡ್ರೇಟ್ ಎನ್ನುತ್ತಾರೆ. ಎಣ್ಣೆ, ತುಪ್ಪ, ಬೆಣ್ಣೆಗಳಲ್ಲಿ ಇರುವುದು ಜಿಡ್ಡು. ಬೇಳೆಕಾಳು, ಹಾಲು, ಮೊಸರುಗಳಲ್ಲಿ ಸಸಾರಜನಕ ಅಂದರೆ ಪ್ರೋಟೀನ್ ಇದೆ. ಒಂದು ಗ್ರಾಂ ಪಿಷ್ಟದಿಂದ 4 ಕ್ಯಾಲೊರಿ, ಒಂದು ಗ್ರಾಂ ಸಸಾರಜನಕದಿಂದಲೂ 4 ಕ್ಯಾಲೊರಿ, ಒಂದು ಗ್ರಾಂ ಜಿಡ್ಡಿನಿಂದ 9 ಕ್ಯಾಲೊರಿ ಸಿಗುತ್ತದೆ. ಜೀವಸತ್ವಗಳಲ್ಲಿ ಕ್ಯಾಲೊರಿ ಇಲ್ಲ. ಅವು ಉರುವಲಲ್ಲ, ಉರುವಲು ಸರಿಯಾಗಿ ಉರಿಯುವಂತೆ ನೋಡಿಕೊಳ್ಳುವಂಥವು. ಈ ಮಾತನ್ನು ನೆನಪಿನಲ್ಲಿಡಿರಿ, ಶಕ್ತಿ ಇಂಜೆಕ್ಷನ್ನಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ರೊಟ್ಟಿಗೂ ಲೆಕ್ಕ ಇದೆ

ಬಿಳಿ ಅಕ್ಕಿ 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ ಸುಮಾರು 78 ಗ್ರಾಂ ಪಿಷ್ಟ ಇರುತ್ತದೆ. ಜೋಳದಲ್ಲಿ ಸುಮಾರು 68 ಗ್ರಾಂ. ಗೋಧಿ ಹಿಟ್ಟಿನಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಅನ್ನ ಬಿಟ್ಟು ರೊಟ್ಟಿ ಹಿಡಿದರೆ ಪಿಷ್ಟವನ್ನೇ ಬಿಟ್ಟಂತಾಗಲಿಲ್ಲ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿಯುತ್ತದೆ ಎಂದುಕೊಳ್ಳಿರಿ. ಅದರಲ್ಲಿ ಸುಮಾರು 34 ಗ್ರಾಂ ಪಿಷ್ಟ. ಒಂದು ಸಾಧಾರಣ ಬಟ್ಟಲು ಅನ್ನದಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. "ರೊಟ್ಟಿಗೆ ಪಥ್ಯ ಇಲ್ಲ" ಎಂದು ನಾಲ್ಕು ರೊಟ್ಟಿ ಉಂಡವರು ಸುಮ್ಮನೆ ನಾಲ್ಕು ಬಟ್ಟಲು ಅನ್ನ ಉಂಡ ಲೆಕ್ಕ.

ಈ ಪಿಷ್ಟವು ಬಾಯಿಯ ಜೊಲ್ಲಿನಲ್ಲಿಯೇ ಕರಗಲು ಶುರುವಾಗಿ, ಸಣ್ಣ ಕರುಳಿನಲ್ಲಿ ಪೂರ್ಣವಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಬಿಡುತ್ತದೆ; ಇನ್ಸುಲಿನ್ ಇದ್ದರೆ ಮಾತ್ರ ಸ್ನಾಯುಗಳು ಆ ಗ್ಲೂಕೋಸನ್ನು ಸರಿಯಾಗಿ ಒಳಗೆ ತೆಗೆದುಕೊಳ್ಳುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಇನ್ಸುಲಿನ್ ಸಾಲುವುದಿಲ್ಲ ಅಥವಾ ಇದ್ದದ್ದು ನಾಟುವುದಿಲ್ಲ. ಗ್ಲೂಕೋಸ್ ರಕ್ತದಲ್ಲಿಯೇ ನಿಲ್ಲುತ್ತದೆ. ಅದು ಅಕ್ಕಿಯಿಂದ ಬಂತೋ ಜೋಳದಿಂದ ಬಂತೋ ಎಂದು ರಕ್ತ ಕೇಳುವುದಿಲ್ಲ. ಕಾಯಿಲೆ ಇಲ್ಲದವರಲ್ಲಿಯೂ ದುಡಿಮೆಗೆ ಮೀರಿದ ಪಿಷ್ಟ ಹಾಗೇ ಹೋಗುವುದಿಲ್ಲ. ಸ್ವಲ್ಪ ಭಾಗ ಪಿತ್ತಜನಕಾಂಗದಲ್ಲಿ ಮತ್ತು ಸ್ನಾಯುಗಳಲ್ಲಿ ದಾಸ್ತಾನಾಗಿ, ಉಳಿದದ್ದು ಕೊಬ್ಬಾಗುತ್ತದೆ. "ನಾ ಎಣ್ಣಿ ಮುಟ್ಟೂದಿಲ್ಲ, ಆದ್ರೂ ಟ್ರೈಗ್ಲಿಸರೈಡ್ ಯಾಕ ಏರೇತಿ?" ಎನ್ನುವವರಿಗೆ ಬಹಳ ಸಲ ಇದೇ ಉತ್ತರ. ದಿನಕ್ಕೆ ನಾಲ್ಕು ಕಪ್ ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ ಎಂಟು ಚಮಚ, ಸುಮಾರು 40 ಗ್ರಾಂ ಸಕ್ಕರೆ ಆಯಿತು. ಮದ್ಯಪಾನವಂತೂ ಟ್ರೈಗ್ಲಿಸರೈಡನ್ನು ನೇರವಾಗಿ ಏರಿಸುತ್ತದೆ.

ಹಾಗಾದರೆ ಜೋಳ ಉಣ್ಣುವುದು ವ್ಯರ್ಥವೇ? ಖಂಡಿತ ಅಲ್ಲ. ಜೋಳದಲ್ಲಿ ನಾರಿನಂಶ 100 ಗ್ರಾಮಿಗೆ ಸುಮಾರು 10 ಗ್ರಾಂ ಇದೆ; ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಸಹ ಇಲ್ಲ. ನಾರು ಇದ್ದರೆ ಹೊಟ್ಟೆ ಬೇಗ ತುಂಬುತ್ತದೆ, ಪಿಷ್ಟ ನಿಧಾನವಾಗಿ ಕರಗುತ್ತದೆ, ಮಲಬದ್ಧತೆ ಆಗುವುದಿಲ್ಲ. ನಮ್ಮ ಕಡೆಯ ಊಟದಲ್ಲಿ ರೊಟ್ಟಿಯ ಸಂಗಡ ಬರುವುದನ್ನು ನೋಡಿರಿ: ಹೆಸರುಕಾಳು, ಮಡಿಕೆಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಮೆಂತೆ, ಹಕ್ಕರಕಿ, ಸೌತೆಕಾಯಿ, ಮೊಸರು. ರೊಟ್ಟಿಯ ಊಟದ ಗುಣ ಇರುವುದು ಈ ಸಂಗಡಿಗರಲ್ಲಿ. ಈಗೀಗ ಪಲ್ಯ ಒಂದು ಚಮಚ, ರೊಟ್ಟಿ ನಾಲ್ಕು ಎಂಬಂತಾಗಿದೆ. ಅದನ್ನು ತಿರುಗಿಸಿರಿ. ಅರ್ಧ ತಾಟು ಸೊಪ್ಪು ಮತ್ತು ತರಕಾರಿ, ಕಾಲು ಭಾಗ ಕಾಳು ಅಥವಾ ಬೇಳೆ, ಉಳಿದ ಕಾಲು ಭಾಗ ಮಾತ್ರ ರೊಟ್ಟಿ ಅಥವಾ ಅನ್ನ. ಮೊದಲು ಹಸಿ ತರಕಾರಿ, ಪಲ್ಯ, ಕಾಳು ಉಂಡು ನಂತರ ರೊಟ್ಟಿಗೆ ಕೈ ಹಾಕಿದರೆ ಊಟದ ನಂತರದ ಸಕ್ಕರೆ ಅಷ್ಟು ವೇಗವಾಗಿ ಏರುವುದಿಲ್ಲ. ಎಷ್ಟು ರೊಟ್ಟಿ ಎಂಬುದನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಹೇಳಲಾಗದು. ಹೊಲದಲ್ಲಿ ಕಳೆ ತೆಗೆಯುವ ತಾಯಿಗೂ, ದಿನವಿಡೀ ಅಂಗಡಿಯಲ್ಲಿ ಕೂರುವವರಿಗೂ ಲೆಕ್ಕ ಬೇರೆ.

ಬರೀ ಜೋಳವನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದಖ್ಖಣದಲ್ಲಿಯೇ ಉದಾಹರಣೆ ಇತ್ತು. ರೊಟ್ಟಿ ಮತ್ತು ಖಾರ ಬಿಟ್ಟರೆ ಬೇರೇನೂ ಸಿಗದ ಬಡವರಲ್ಲಿ ಪೆಲ್ಲಾಗ್ರ ಎಂಬ ರೋಗ ಕಾಣಿಸುತ್ತಿತ್ತು. ಬಿಸಿಲು ತಾಗುವ ಕತ್ತು, ಕೈಗಳ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ ಇದರ ಲಕ್ಷಣಗಳು. ಇದು ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವದ ಕೊರತೆ. 1960ರ ಸುಮಾರಿಗೆ ಹೈದರಾಬಾದಿನ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಜೋಳ ಉಣ್ಣುವವರ ಈ ರೋಗವನ್ನು ಅಭ್ಯಾಸ ಮಾಡಿದರು. ಬೇಳೆ, ಹಾಲು, ಶೇಂಗಾ ಸಂಗಡ ಇದ್ದ ಮನೆಗಳಿಗೆ ಈ ರೋಗದ ಭಯ ಇರಲಿಲ್ಲ.

ಬೆಲ್ಲದ ಬಗ್ಗೆ ಎರಡು ಮಾತು. ಮಹಾಲಿಂಗಪುರದ ಬೆಲ್ಲವೇ ಇರಲಿ, ಮನೆಯ ಗಾಣದ್ದೇ ಇರಲಿ, ಸಕ್ಕರೆ ಕಾಯಿಲೆಯವರಿಗೆ ಅದು ಸಕ್ಕರೆಯೇ. ಜೇನುತುಪ್ಪವೂ ಅಷ್ಟೇ. ಚುರುಮುರಿ, ಅವಲಕ್ಕಿ ಹಗುರ ಎಂದು ಸಂಜೆ ತಾಟು ತುಂಬ ತಿನ್ನುವವರಿದ್ದಾರೆ. ಅವು ಕೈಗೆ ಹಗುರ, ರಕ್ತಕ್ಕೆ ಅಲ್ಲ.

ಉಪವಾಸ ಮತ್ತು ಪ್ರಸಾದ

ಶ್ರಾವಣ ಸೋಮವಾರ, ಶಿವರಾತ್ರಿಗಳ ಮರುದಿನ ಸಕ್ಕರೆ ಏರಿಸಿಕೊಂಡು ಬರುವವರೂ ಇದ್ದಾರೆ, ಇಳಿಸಿಕೊಂಡು ಬರುವವರೂ ಇದ್ದಾರೆ. ಏರುವುದಕ್ಕೆ ಕಾರಣ ಉಪವಾಸದ ತಿಂಡಿ. ಸಾಬೂದಾನಿಯಲ್ಲಿ ಪಿಷ್ಟದ ಹೊರತು ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಸಸಾರಜನಕ 100 ಗ್ರಾಮಿಗೆ ಒಂದು ಗ್ರಾಂ ಸಹ ಇಲ್ಲ. ಅದಕ್ಕೆ ಆಲೂಗಡ್ಡೆ ಕೂಡಿಸಿ ಖಿಚಡಿ ಮಾಡಿದರೆ ಪಿಷ್ಟಕ್ಕೆ ಪಿಷ್ಟ ಸೇರಿದಂತೆ. ಒಂದು ಲೋಟ ಹಾಲು ಅಥವಾ ಮಜ್ಜಿಗೆ, ಒಂದು ಹಿಡಿ ಶೇಂಗಾ, ಒಂದು ಪೇರಲಹಣ್ಣು ಇದಕ್ಕಿಂತ ಎಷ್ಟೋ ಮೇಲು.

ಇಳಿಯುವುದು ಹೆಚ್ಚು ಅಪಾಯ. ಇನ್ಸುಲಿನ್ ಚುಚ್ಚಿಕೊಂಡು ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಪೂರ್ತಿ ಕುಸಿಯಬಹುದು. ಕೈ ನಡುಕ, ತಣ್ಣನೆಯ ಬೆವರು, ಎದೆ ಬಡಿತ, ಕಣ್ಣು ಮಂಜಾಗುವುದು, ಅರ್ಥವಿಲ್ಲದ ಮಾತು ಕಂಡರೆ ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿರಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿರಿ. ಸುಧಾರಿಸಿದ ಮೇಲೆ ಊಟ ಮಾಡಿಸಿರಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆತನ್ನಿರಿ. ಉಪವಾಸ ಮಾಡಲೇಬೇಕೆಂಬ ಮನಸ್ಸಿದ್ದರೆ ಒಂದು ವಾರ ಮೊದಲೇ ವೈದ್ಯರನ್ನು ಕೇಳಿ ಔಷಧದ ಪ್ರಮಾಣ ಬದಲಿಸಿಕೊಳ್ಳಿರಿ.

ದಾಸೋಹದಲ್ಲಿ ಗೋಧಿ ಹುಗ್ಗಿ, ಜಾತ್ರೆಯಲ್ಲಿ ಮಾದಲಿ ಇದ್ದೇ ಇರುತ್ತದೆ. ಪ್ರಸಾದವನ್ನು ತಾಟಿನಲ್ಲಿ ಬಿಡಬಾರದೆಂಬ ರೂಢಿ ಒಳ್ಳೆಯದೇ. ಆದ್ದರಿಂದ ಬಡಿಸುವಾಗಲೇ ಕೈ ಅಡ್ಡ ಹಿಡಿದು "ಒಂದು ಚಮಚ ಸಾಕ್ರೀ" ಎನ್ನಿರಿ. ಬಡಿಸುವವರೂ ಒತ್ತಾಯ ಮಾಡಬಾರದು. ಅಂದು ಒಂದು ರೊಟ್ಟಿ ಕಡಿಮೆ ಉಂಡರೆ ಲೆಕ್ಕ ಸರಿಹೋಗುತ್ತದೆ.

ಯಾವ ಎಣ್ಣೆ ಒಳ್ಳೆಯದು?

ಈ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು "ಎಷ್ಟು ಎಣ್ಣೆ?" ಎಂದು. ಕುಸುಬಿ ಎಣ್ಣೆಯಾಗಲಿ, ಶೇಂಗಾ ಎಣ್ಣೆಯಾಗಲಿ, ತುಪ್ಪವಾಗಲಿ ಕ್ಯಾಲೊರಿ ಹೆಚ್ಚು ಕಡಿಮೆ ಒಂದೇ. ಹೃದ್ರೋಗ, ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಒಬ್ಬರಿಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಎಣ್ಣೆ ಸಾಕು. ನಾಲ್ಕು ಜನರ ಮನೆಗೆ ಎರಡರಿಂದ ಮೂರು ಲೀಟರ್. ನಿಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಪಾಕೀಟು ಒಡೆಯುತ್ತೀರಿ ಎಂದು ಒಮ್ಮೆ ಎಣಿಸಿರಿ, ಹೆಚ್ಚಿನವರಿಗೆ ಆಶ್ಚರ್ಯವಾಗುತ್ತದೆ.

ಜಿಡ್ಡನ್ನು ಪೂರ್ತಿ ಬಿಡುವುದೂ ತಪ್ಪು. ಎ, ಡಿ, ಇ, ಕೆ ಜೀವಸತ್ವಗಳು ಜಿಡ್ಡಿನಲ್ಲಿ ಮಾತ್ರ ಕರಗುತ್ತವೆ. ನುಗ್ಗೆಸೊಪ್ಪು, ಮೆಂತೆಸೊಪ್ಪು, ಗಜ್ಜರಿಯಲ್ಲಿರುವ ಕೆರೋಟಿನ್ ದೇಹದಲ್ಲಿ ಎ ಜೀವಸತ್ವ ಆಗಬೇಕಾದರೆ ಪಲ್ಯಕ್ಕೆ ಒಂದು ಚಮಚ ಒಗ್ಗರಣೆ ಬೇಕು. ಅವಶ್ಯಕ ಕೊಬ್ಬಿನಾಮ್ಲಗಳನ್ನು ದೇಹ ತಾನಾಗಿ ತಯಾರಿಸಲಾರದು. ಅವು ಎಣ್ಣೆಕಾಳುಗಳಿಂದಲೇ ಬರಬೇಕು. ಅದರಲ್ಲಿ ಒಮೆಗಾ-3 ಎಂಬುದು ಸಸ್ಯಾಹಾರಿಗಳಿಗೆ ಸಿಗುವುದು ಕಷ್ಟ ಎನ್ನುತ್ತಾರೆ. ಆದರೆ ನಮ್ಮ ಅಜ್ಜಿಯರು ಕುಟ್ಟಿ ಇಟ್ಟ ಅಗಸಿ ಹಿಂಡಿಯಲ್ಲಿ ಅದು ಧಾರಾಳವಾಗಿದೆ. ಅಗಸಿಯನ್ನು ಹುರಿದು ಕುಟ್ಟಿಯೇ ತಿನ್ನಬೇಕು, ಇಡೀ ಕಾಳು ಹಾಗೇ ಹೊರಗೆ ಹೋಗುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯೂ ಒಳ್ಳೆಯವು. ಆದರೆ ಶೇಂಗಾದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಹಿಂಡಿಯ ಮೇಲೆ ಮತ್ತೆ ಎಣ್ಣೆ ಸುರಿದುಕೊಳ್ಳುವ ಅಗತ್ಯ ಇಲ್ಲ.

ಎಣ್ಣೆ ಪಾಕೀಟಿನ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಮರುಳಾಗಬೇಡಿರಿ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಜನ್ಯ ಆಹಾರದಲ್ಲಿ. ಯಾವ ಸಸ್ಯದ ಎಣ್ಣೆಯಲ್ಲಿಯೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ನೋಡಬೇಕಾದದ್ದು ಗಟ್ಟಿಯಾಗುವ ಕೊಬ್ಬು ಎಷ್ಟಿದೆ ಎಂಬುದನ್ನು. ತಾಳೆ ಎಣ್ಣೆಯಲ್ಲಿ ಅದು ಸುಮಾರು ಅರ್ಧದಷ್ಟಿದೆ, ಕೊಬ್ಬರಿ ಎಣ್ಣೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು. ಈ ಕೊಬ್ಬು ಹೆಚ್ಚಾದರೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಏರಿ, ವರ್ಷಗಳು ಕಳೆದಂತೆ ರಕ್ತನಾಳದ ಒಳಗೋಡೆಯಲ್ಲಿ ಕೂರುತ್ತದೆ. ತುಪ್ಪವೂ ಇದೇ ಗುಂಪಿನದು. ಹಬ್ಬದ ಹೋಳಿಗೆಗೆ ಒಂದು ಚಮಚ ಬೇರೆ, ದಿನಾಲು ಬಟ್ಟಲುಗಟ್ಟಲೆ ಬೇರೆ.

ಇವೆಲ್ಲಕ್ಕಿಂತ ಕೆಟ್ಟದ್ದು ಟ್ರಾನ್ಸ್ ಕೊಬ್ಬು. ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡುವ ವನಸ್ಪತಿಯಲ್ಲಿ ಇದು ಹುಟ್ಟುತ್ತದೆ. ಇದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುವುದಲ್ಲದೆ ಒಳ್ಳೆಯ ಕೊಲೆಸ್ಟ್ರಾಲನ್ನು ಇಳಿಸುತ್ತದೆ. ಭಾರತದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಇದರ ಮಿತಿಯನ್ನು 2021ರಲ್ಲಿ ನೂರಕ್ಕೆ 3ಕ್ಕೆ, 2022ರ ಜನವರಿಯಿಂದ ನೂರಕ್ಕೆ 2ಕ್ಕೆ ಇಳಿಸಲಾಗಿದೆ. ಇದು ಸಮಾಧಾನದ ಸಂಗತಿ. ಆದರೆ ಒಂದೇ ಬಾಣಲೆಯ ಎಣ್ಣೆಯನ್ನು ಮುಂಜಾನೆಯಿಂದ ರಾತ್ರಿಯವರೆಗೆ ಕಾಯಿಸಿ ಮಿರ್ಚಿ ಭಜಿ ಕರಿದರೆ ಒಳ್ಳೆಯ ಎಣ್ಣೆಯೂ ಕೆಡುತ್ತದೆ. ಎಣ್ಣೆ ಕಪ್ಪಾಗಿ, ಅಂಟಂಟಾಗಿ, ನೊರೆ ಬರುತ್ತಿದ್ದರೆ ಆ ಗಾಡಿಯಿಂದ ದೂರ ಇರಿ. ಮನೆಯಲ್ಲಿಯೂ ಕರಿದ ಎಣ್ಣೆಯನ್ನು ಮತ್ತೆ ಕರಿಯಲು ಬಳಸಬೇಡಿರಿ, ಒಂದೆರಡು ದಿನದೊಳಗೆ ಒಗ್ಗರಣೆಗೆ ತೀರಿಸಿರಿ.

ಜೀವಸತ್ವಗಳು, ಮುಖ್ಯವಾಗಿ ಬಿ-12

1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ಡಚ್ ವೈದ್ಯರು ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತೌಡು ಇರುವ ಅಕ್ಕಿ ಕೊಟ್ಟರೆ ಅವು ಚೇತರಿಸಿಕೊಳ್ಳುವುದನ್ನೂ ಕಂಡರು. ಮನುಷ್ಯರಿಗೆ ಬರುವ ಬೆರಿಬೆರಿ ರೋಗದ ಗುಟ್ಟು ಹೀಗೆ ಹೊರಬಿತ್ತು. ತೌಡಿನಲ್ಲಿದ್ದುದು ಬಿ-1 ಜೀವಸತ್ವ. ಈ ಶೋಧಕ್ಕೆ ಅವರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅಕ್ಕಿಯನ್ನು ಐದಾರು ಸಲ ತೊಳೆದು, ಗಂಜಿ ಬಸಿದು ಚೆಲ್ಲುವವರು ಇಂದಿಗೂ ಅದೇ ಜೀವಸತ್ವವನ್ನು ಚೆಲ್ಲುತ್ತಿದ್ದಾರೆ.

ಸಿ ಜೀವಸತ್ವಕ್ಕೆ ದುಬಾರಿ ಹಣ್ಣು ಬೇಡ. ನೆಲ್ಲಿಕಾಯಿ, ಪೇರಲ, ನಿಂಬೆ ಸಾಕು. ಕಾಳು ಮತ್ತು ಸೊಪ್ಪಿನ ಪಲ್ಯದ ಮೇಲೆ ನಿಂಬೆರಸ ಹಿಂಡಿದರೆ ಅದರಲ್ಲಿರುವ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಚಹಾವನ್ನು ಒಂದು ತಾಸು ಮುಂದೆ ಹಾಕಿರಿ.

ನಮ್ಮ ಭಾಗದವರಿಗೆ ವಿಶೇಷವಾಗಿ ಹೇಳಬೇಕಾದದ್ದು ಬಿ-12. ಇಲ್ಲಿಗೆ ಬರುವವರಲ್ಲಿ ಅನೇಕರು ಹುಟ್ಟಿದಾಗಿನಿಂದ ಸಸ್ಯಾಹಾರಿಗಳು. ಈ ಒಂದು ಜೀವಸತ್ವ ಮಾತ್ರ ಧಾನ್ಯ, ಕಾಳು, ಸೊಪ್ಪು, ಹಣ್ಣು ಯಾವುದರಲ್ಲಿಯೂ ನಂಬುವಷ್ಟು ಇರುವುದಿಲ್ಲ. ನಮಗೆ ಅದು ಸಿಗುವುದು ಹಾಲು, ಮೊಸರು, ಮಜ್ಜಿಗೆಯಿಂದ. ದೊಡ್ಡವರಿಗೆ ದಿನಕ್ಕೆ 2 ಮೈಕ್ರೋಗ್ರಾಮಿಗಿಂತ ಸ್ವಲ್ಪ ಹೆಚ್ಚು ಬೇಕು. ಅಷ್ಟಕ್ಕೆ ಸುಮಾರು ಅರ್ಧ ಲೀಟರ್ ಹಾಲು ಅಥವಾ ಅಷ್ಟೇ ಹಾಲಿನ ಮೊಸರು ಬೇಕಾಗುತ್ತದೆ. ಡೈರಿಗೆ ಹಾಲು ಹಾಕಿ ತಾವು ಚಹಾದಲ್ಲಿ ಎರಡು ಚಮಚ ಹಾಲು ಕುಡಿಯುವ ಮನೆಗಳು ಎಷ್ಟಿಲ್ಲ!

ಬಿ-12 ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ದಾಸ್ತಾನು ಇರುವುದರಿಂದ ಕೊರತೆ ನಿಧಾನವಾಗಿ ಬರುತ್ತದೆ. ಅಂಗಾಲು ಉರಿ, ಜುಮುಜುಮು, ನಾಲಿಗೆ ಕೆಂಪಾಗಿ ನೋಯುವುದು, ಸುಸ್ತು, ಮರೆವು, ಕತ್ತಲಲ್ಲಿ ನಡೆಯುವಾಗ ತೂರಾಡುವುದು ಇದರ ಲಕ್ಷಣಗಳು. ಸಕ್ಕರೆ ಕಾಯಿಲೆಯವರಿಗೆ ಇಲ್ಲಿ ಎರಡು ತೊಡಕು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡರೆ ಬಿ-12 ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಜೊತೆಗೆ ಕಾಲುರಿ ಬಂದರೆ ಎಲ್ಲರೂ "ಸಕ್ಕರೀ ಕಾಲದಾವು" ಎಂದು ಸುಮ್ಮನಾಗುತ್ತಾರೆ. ಹತ್ತು ವರ್ಷದಿಂದ ಈ ಮಾತ್ರೆ ನುಂಗುತ್ತಿದ್ದ ಹಿರಿಯರೊಬ್ಬರು ಎರಡು ವರ್ಷ ಹೀಗೆಯೇ ಕಾಲಿಗೆ ಎಣ್ಣೆ ತಿಕ್ಕಿಕೊಂಡು ಕಳೆದರು. ರಕ್ತ ಪರೀಕ್ಷೆಯಲ್ಲಿ ಬಿ-12 ತೀರ ಕಡಿಮೆ ಬಂತು. ಇಂಜೆಕ್ಷನ್ ಕೊಟ್ಟ ಕೆಲವು ತಿಂಗಳಲ್ಲಿ ಉರಿ ಹೋಯಿತು, ಆದರೆ ಬೆರಳ ತುದಿಯ ಸ್ಪರ್ಶ ಪೂರ್ತಿ ಮರಳಲಿಲ್ಲ. ಚಪ್ಪಲಿ ಜಾರಿ ಬಿದ್ದರೂ ಅವರಿಗೆ ಈಗಲೂ ತಿಳಿಯುವುದಿಲ್ಲ. ಬೇಗ ಬಂದಿದ್ದರೆ ನರ ಉಳಿಯುತ್ತಿತ್ತು. ಆದ್ದರಿಂದ ಮೆಟ್‌ಫಾರ್ಮಿನ್ ಬಹಳ ದಿನದಿಂದ ತೆಗೆದುಕೊಳ್ಳುವ ಸಸ್ಯಾಹಾರಿಗಳು ಬಿ-12 ಪರೀಕ್ಷೆಯ ಬಗ್ಗೆ ವೈದ್ಯರನ್ನು ತಾವಾಗಿಯೇ ಕೇಳಿರಿ. ಮಾತ್ರೆಯನ್ನು ಮಾತ್ರ ಸ್ವಂತ ತೀರ್ಮಾನದಿಂದ ಬಿಡಬೇಡಿರಿ. ಇನ್ನೊಂದು ಎಚ್ಚರಿಕೆ: ರಕ್ತ ಕಡಿಮೆ ಎಂದು ಬರೀ ಫೋಲಿಕ್ ಆಸಿಡ್ ನುಂಗುತ್ತಾ ಹೋದರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ಬಿ-12 ಕೊರತೆಯಿಂದ ನರ ಸವೆಯುತ್ತಲೇ ಇರುತ್ತದೆ.

ಇನ್ನು ಶಕ್ತಿ ಇಂಜೆಕ್ಷನ್. ಅರ್ಧ ಲೀಟರಿನ ಗ್ಲೂಕೋಸ್ ಬಾಟ್ಲಿಯಲ್ಲಿ, ಅದು ನೂರಕ್ಕೆ 5ರ ಗ್ಲೂಕೋಸ್ ಆದರೆ, 25 ಗ್ರಾಂ ಗ್ಲೂಕೋಸ್ ಇರುತ್ತದೆ. ಅಂದರೆ ಹೆಚ್ಚೆಂದರೆ 100 ಕ್ಯಾಲೊರಿ. ಒಂದು ರೊಟ್ಟಿಯಲ್ಲಿ ಇದಕ್ಕಿಂತ ಹೆಚ್ಚು ಇದೆ. ಸಲಾಯಿನ್ ಆದರೆ ಅದು ಬರೀ ಉಪ್ಪುನೀರು. ವಾಂತಿ ಭೇದಿಯಾದವರಿಗೆ, ಬಾಯಿಂದ ತೆಗೆದುಕೊಳ್ಳಲಾಗದವರಿಗೆ ಇವು ಜೀವ ಉಳಿಸುತ್ತವೆ. ನಡೆದುಕೊಂಡು ಬಂದು ಸುಸ್ತು ಎನ್ನುವವರಿಗೆ ಅಲ್ಲ. ಬಿ-ಕಾಂಪ್ಲೆಕ್ಸ್ ಚುಚ್ಚಿಸಿಕೊಂಡ ದಿನ ಮೂತ್ರ ಹಳದಿಯಾಗುವುದನ್ನು ನೋಡಿದ್ದೀರಲ್ಲವೇ? ಬೇಡವಾದದ್ದು ಹಾಗೆ ಹೊರಗೆ ಹೋಗುತ್ತದೆ. ಸುಸ್ತಿಗೆ ಕಾರಣ ರಕ್ತಹೀನತೆ ಇರಬಹುದು, ಥೈರಾಯ್ಡ್ ಇರಬಹುದು, ಏರಿದ ಸಕ್ಕರೆಯೇ ಇರಬಹುದು. ಬಾಟ್ಲಿ ಹಚ್ಚಿಸಿಕೊಂಡು ಹೋದರೆ ಅದು ಮುಚ್ಚಿಹೋಗುತ್ತದೆ.

ನೀರಿನಲ್ಲಿ ಕರಗುವ ಬಿ ಮತ್ತು ಸಿ ಹೆಚ್ಚಾದರೆ ಬಹುಪಾಲು ಹೊರಗೆ ಹೋಗುತ್ತವೆ, ಜಿಡ್ಡಿನಲ್ಲಿ ಕರಗುವ ಎ ಮತ್ತು ಡಿ ಹೋಗುವುದಿಲ್ಲ. 60,000 ಯೂನಿಟ್ಟಿನ ಡಿ ಜೀವಸತ್ವದ ಪುಡಿಯನ್ನು ಸಾಮಾನ್ಯವಾಗಿ ವಾರಕ್ಕೊಂದು ಎಂದು ಬರೆದುಕೊಡುತ್ತಾರೆ. ಅದನ್ನು ದಿನಕ್ಕೊಂದು ಎಂದು ತಿಳಿದು ತೆಗೆದುಕೊಂಡರೆ ರಕ್ತದಲ್ಲಿ ಸುಣ್ಣದಂಶ ಏರಿ ವಾಂತಿ, ಮಲಬದ್ಧತೆ ಆಗಿ ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಚೀಟಿಯಲ್ಲಿ ಬರೆದದ್ದು ತಿಳಿಯದಿದ್ದರೆ ಔಷಧ ಅಂಗಡಿಯ ಕಿಟಕಿಯಲ್ಲಿಯೇ ಮತ್ತೊಮ್ಮೆ ಕೇಳಿರಿ, ಸಂಕೋಚ ಬೇಡ.

ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ ರಕ್ತ ತೆಳುವಾಗಲು ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುವವರಿಗೆ ಸೊಪ್ಪಿನಲ್ಲಿರುವ ಕೆ ಜೀವಸತ್ವ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ. ಅವರು ಸೊಪ್ಪು ಬಿಡಬೇಕಾಗಿಲ್ಲ, ವಾರವಾರವೂ ಒಂದೇ ಅಳತೆಯಲ್ಲಿ ಉಂಡರೆ ಸಾಕು. ಮೂತ್ರಪಿಂಡದ ಕಾಯಿಲೆಯವರಿಗೆ ಮಾತ್ರ ಮೇಲೆ ಹೇಳಿದ ಕಾಳು, ಸೊಪ್ಪು, ಹಣ್ಣಿನ ಲೆಕ್ಕ ಅನ್ವಯಿಸುವುದಿಲ್ಲ. ಅವರು ತಮ್ಮ ವೈದ್ಯರು ಹೇಳಿದ ಪಥ್ಯವನ್ನೇ ಪಾಲಿಸಬೇಕು.

ಆಹಾರ ಸಲಹೆಗೆ ಬರುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ, ಹಿಂದಿನ ರಕ್ತ ಪರೀಕ್ಷೆಯ ಚೀಟಿಗಳನ್ನೂ ತನ್ನಿರಿ. ಸಾಧ್ಯವಾದರೆ ಮನೆಯಲ್ಲಿ ಅಡುಗೆ ಮಾಡುವವರನ್ನು ಸಂಗಡ ಕರೆತನ್ನಿರಿ. ಗಂಡಸರು ಒಬ್ಬರೇ ಬಂದು ಎಲ್ಲ ಕೇಳಿಕೊಂಡು ಹೋಗುತ್ತಾರೆ, ಒಗ್ಗರಣೆಗೆ ಎಣ್ಣೆ ಹಾಕುವವರಿಗೆ ಸುದ್ದಿ ಮುಟ್ಟಿರುವುದೇ ಇಲ್ಲ.